ಸೆರಗು ಮೊದಲು ಗಿರಿಜಾಗ

ನಮ್ಮ ದೊಡ್ಡವ್ವ ಕಾದಂಬರಿ ಓದೂಕಿಂತ ಮೊದಲು ಅದನ್ನ ಕಡೀತಾಳ ಅಂದ್ರ ನೀವು ನಂಬೂದಿಲ್ಲ. ಬ್ಯಾಡ ಬಿಡ್ರಿ, ನಂಬಬ್ಯಾಡ್ರಿ. ಕಡಿಯೂ ಕೈ ನಂದು, ನನಗ ಇನ್ನೂ ನಂಬಿಕಿ ಬಂದಿಲ್ಲ!

ನಂದು ಇಳಕಲ್ಲ ಬಸ್ ಸ್ಟ್ಯಾಂಡ್ ಹತ್ರ ನೋಟಬುಕ್ಕು, ಪೆನ್ನು, ಝೆರಾಕ್ಸಿನ ಸಣ್ಣ ಅಂಗಡಿ. ಮದುವಿ ಕಾರ್ಡು, ಫೋಟೋ ಇಂಥಾವನ್ನ ಕತ್ತರಿಸಾಕ ಒಂದು ಪೇಪರ್ ಕಟರ್ ಇಟ್ಟೇನಿ. ದೊಡ್ಡವ್ವ ಅಂದ್ರ ನಮ್ಮವ್ವನ ಅಕ್ಕ, ಎಪ್ಪತ್ತರ ಹತ್ರ ಬಂದಾಳ. ಹ್ವಾದ ಯುಗಾದಿ ಮರುದಿನ ಒಂದು ಹೊಸಾ ಕಾದಂಬರಿ ಬಗಲಾಗ ಹಿಡಕೊಂಡು ಬಂದ್ಲು. ಇಟ್ಟಂಗಿಯಷ್ಟು ದಪ್ಪ. ಅದನ್ನ ಕಟರ್ ಮ್ಯಾಲ ಇಟ್ಟು, "ಮೂರು ಭಾಗ ಮಾಡು" ಅಂದ್ಲು.

ಝೆರಾಕ್ಸ್ ಮಾಡಿಸಾಕ ಬಂದಿದ್ದ ಕನ್ನಡ ಸಾಲಿ ಮಾಸ್ತರು ಗಾಬರಿಯಾಗಿ, "ಅವ್ವಾರ, ಸರಸ್ವತಿ ರೀ ಅದು!" ಅಂದ್ರು.

"ಸರಸ್ವತೀನ ಕಡ್ಯಾಕತ್ತಿಲ್ಲ ಮಾಸ್ತರ, ಹಂಚಾಕತ್ತೇನಿ," ಅಂದ್ಲು ದೊಡ್ಡವ್ವ.

ಮಾಸ್ತರು ಆ ಪುಸ್ತಕಾ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಝೆರಾಕ್ಸ್ ಅಲ್ಲೇ ಬಿಟ್ಟು ಹೋಗಿಬಿಟ್ರು. ಮತ್ತ ಆ ಕಾಗದಾ ಒಯ್ಯಾಕ ತಮ್ಮ ಹೆಂಡತೀನ ಕಳಿಸಿದ್ರು.

ದೊಡ್ಡವ್ವ ನೇಕಾರರ ಮನಿಯಾಕಿ. ಸಣ್ಣಾಕಿದ್ದಾಗಿಂದ ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಒಂದೊಂದ ಕೂಡಿಸಿದ ಕೈ ಅದು. ಹಿಂಗಾಗಿ ಪುಸ್ತಕದ ಮೊದಲಿನ ಭಾಗಕ್ಕ ನಿರಿಗಿ, ನಡುವಿನದಕ್ಕ ಒಡಲು, ಕಡೀದಕ್ಕ ಸೆರಗು ಅಂತ ಹೆಸರಿಟ್ಟಾಳ. ಓದಿ ಮುಗಿದ ಮ್ಯಾಲ ದಬ್ಬಣ, ದಾರ ತಗೊಂಡು ಮೂರನ್ನೂ ಹೊಲಿದು ಮತ್ತ ಒಂದು ಮಾಡತಾಳ. ಆ ಹೊಲಿಗಿ ಮಾತ್ರ ಖರೇನ ನೋಡೂವಂಗ ಇರತೈತಿ.

ಓದಾವರು ಮೂವರು. ದೊಡ್ಡವ್ವ, ಕಮತಗಿ ಶಾಂತವ್ವ, ಗುಡೂರ ಗಿರಿಜವ್ವ. ಇಳಕಲ್ಲ ಸಾಲ್ಯಾಗ ಒಂದ ಬೆಂಚಿನ ಮ್ಯಾಲ ಕುಂತಾವರು, ಮದುವ್ಯಾಗಿ ಊರು ಬ್ಯಾರೆ ಆದ್ರೂ ಗೆಳೆತನ ಬಿಟ್ಟಿಲ್ಲ. ಮೂರೂ ಭಾಗ ಎಲ್ಲಾರ ಕೈಯಾಗೂ ಸುತ್ತತಾವ. ಆದ್ರ ಹಂಚೂ ಮುಂದ ದೊಡ್ಡವ್ವಂದು ಒಂದ ಕಾಯ್ದೆ.

"ಸೆರಗು ಮೊದಲು ಗಿರಿಜಾಗ. ಉಳಿದದ್ದು ನಮ್ಮಿಬ್ಬರಿಗೆ."

"ಅಲ್ಲ ದೊಡ್ಡವ್ವ, ಕಡೀ ಭಾಗ ಮೊದಲು ಓದಿದ್ರ ಗಿರಿಜಾ ಚಿಗವ್ವಗ ಕಥಿ ಹೆಂಗ ತಿಳೀಬೇಕು?"

"ತಿಳೀಲಿಲ್ಲಂದ್ರ ನಮ್ಮನ್ನ ಕೇಳತಾಳ."

"ಝೆರಾಕ್ಸ್ ಮಾಡಿ ಕೊಡತೇನಿ ತಗೋ. ಇಲ್ಲಂದ್ರ ಇನ್ನೆರಡು ಪುಸ್ತಕಾ ತರಿಸೂಣು."

"ಮೂರು ಪುಸ್ತಕಾ ತಂದ್ರ ಮೂರು ಮಂದಿ ಮೂರು ಮನ್ಯಾಗ ಸುಮ್ಮನ ಓದಿ ಮಲಗತೇವಿ. ಕೂಡಿದಾಗ ಮಾತಾಡಾಕ ಏನು ಉಳೀತೈತಿ? ಒಂದ ಪುಸ್ತಕಾ ಇಡೀ ಇಟ್ರ, ಒಬ್ಬಾಕಿ ಮುಗಿಸೂತನಕ ಇಬ್ಬರು ಕಾಯಬೇಕು. ಕಾಯಾಕ ಯಾರಿಗೆ ಪುರಸೊತ್ತೈತಿ? ಹೂಂ, ಕಡಿ."

ಕಡಿದೆ. ಏನು ಮಾಡ್ಲಿ?

ದೊಡ್ಡವ್ವನ ತಲಿ ಹೆಂಗ ಓಡತೈತಿ ಅನ್ನೂದು ನನಗ ಮೊದಲಿಂದೂ ಗೊತ್ತಾಗಿಲ್ಲ. ಹ್ವಾದ ವರ್ಷ ಥಂಡ್ಯಾಗ ಗಿರಿಜವ್ವಗ ಫ್ಲೂ ಜ್ವರ ಬಂದು ಎದಿಗೆ ಇಳೀತು. ಮೊದಲಿಂದೂ ದಮ್ಮಿನ ಬ್ಯಾನಿ ಇದ್ದಾಕಿ. ಬಾಗಲಕೋಟಿ ದವಾಖಾನ್ಯಾಗ ಹತ್ತು ದಿನ ಆಕ್ಸಿಜನ್ ಮ್ಯಾಲ ಇದ್ಲು. ಒಂದು ದಿನ ಮಧ್ಯಾಹ್ನ ಡಾಕ್ಟರು ಬಂದು, "ಇವತ್ತು ನಾಳಿ ನೋಡಬೇಕ್ರಿ, ಹೇಳಾಕಾಗೂದಿಲ್ಲ" ಅಂದು ಹೋದ್ರು. ಗಿರಿಜವ್ವ ಮಾಸ್ಕ್ ಸರಿಸಿ ದೊಡ್ಡವ್ವನ ಕಿವ್ಯಾಗ ಏನೋ ಅಂದ್ಲು. ದೊಡ್ಡವ್ವ ಹೊರಗ ಓಡಿ ಬಂದು ನನ್ನ ರಟ್ಟಿ ಹಿಡದು, "ಗುಡೂರಿಗೆ ಹೋಗು. ಗಿರಿಜಾನ ದಿಂಬಿನ ಕೆಳಗ ಐತಿ, ತಗೊಂಡು ಬಾ. ಲಗೂ!" ಅಂದ್ಲು.

ಏನೈತಿ ಅಂತ ಕೇಳೂವಷ್ಟು ಧೈರ್ಯ ಎಲ್ಲೈತ್ರಿ? ಹಳೇ ಎಕ್ಸ್‌ರೇ ಇರಬೇಕು, ಇಲ್ಲಾ ಮೊದಲಿನ ಡಾಕ್ಟರ ಚೀಟಿ ಇರಬೇಕು ಅಂದುಕೊಂಡು ಗಾಡಿ ಓಡಿಸಿದೆ. ದಿಂಬು ಎತ್ತಿದ್ರ ಒಂದು ಕಾದಂಬರಿ! ನಡುವ ಒಂದು ಹೇರ್ ಪಿನ್ ಸಿಗಿಸಿತ್ತು. ಫೋನ್ ಹಚ್ಚಿ, "ದೊಡ್ಡವ್ವ, ಇಲ್ಲಿ ಬರೇ ಕಾದಂಬರಿ ಐತಿ" ಅಂದೆ.

"ಅದನ್ನ ತಾರೋ ಮಬ್ಬ!"

ತಂದೆ. ಆಮ್ಯಾಲ ನೋಡ್ರಿ, ಆ ಪಿನ್ ಇದ್ದಲ್ಲಿಂದ ಕಡೀತನಕ ಗಿರಿಜವ್ವನ ಕಿವಿಗೆ ಬಾಯಿ ಹಚ್ಚಿ ಓದಿದ್ಲು. ಸಣ್ಣಂಗ ಓದಾಕ ನಮ್ಮ ದೊಡ್ಡವ್ವಗ ಬರೂದಿಲ್ಲ, ವಾರ್ಡಿಗೆ ವಾರ್ಡ ಕೇಳತಿತ್ತು. ಸಿಸ್ಟರ್ ಬಂದು ಬೈದಾಗ, "ಇನ್ನ ನಾಕ ಹಾಳಿ ಐತಿ ತಂಗಿ, ಮುಗಿಸಿದ ಮ್ಯಾಲ ಬೈ" ಅಂದ್ಲು. ಬಾಜೂಕಿನ ಕಾಟಿನಾಕಿ ಸುದ್ದಾ, "ಇರ್ಲಿ ಬಿಡ್ರಿ ಸಿಸ್ಟರ, ಕಥ್ಯಾನ ಹುಡುಗಿ ಈಗರ ತವರಿಗೆ ಬಂದಾಳ" ಅಂದ್ಲು. ಒಬ್ಬಾಕಿಗೆ ಉಸರಾಡಾಕ ಆಗವಲ್ದು, ಇನ್ನೊಬ್ಬಾಕಿ ಕಥಿ ಓದಾಕತ್ತಾಳ, ನಾ ನಡುವ ಹೆಲ್ಮೆಟ್ ಹಿಡಕೊಂಡು ನಿಂತೇನಿ. ಯಾರಿಗೆ ಏನು ಅನ್ನಬೇಕು ಹೇಳ್ರಿ?

ಗಿರಿಜವ್ವ ಹೆಂಗೋ ಉಳಿದ್ಲು. ಮನಿಗೆ ಕಳಿಸೂ ಮುಂದ ಡಾಕ್ಟರು ಒಂದು ಮಾತು ಹೇಳಿದ್ರು. "ಮುಂದಿನ ಥಂಡಿ ಬೀಳೂದ್ರೊಳಗ ಫ್ಲೂ ಇಂಜೆಕ್ಷನ್ ಮಾಡಿಸ್ರಿ, ಮರೀಬ್ಯಾಡ್ರಿ. ಇನ್ನೊಂದು ಸಲ ಹಿಂಗಾದ್ರ ಈ ಎದಿ ತಡಿಯೂದಿಲ್ಲ."

ಅದಕ್ಕ ಈ ವರ್ಷ ದಸರಾ ಮುಗದ ಕೂಡ್ಲೆ ಮೂವರೂ ಇಳಕಲ್ಲಿನ ಒಂದು ಸಣ್ಣ ದವಾಖಾನ್ಯಾಗ ಹಾಜರ್. ಕಾಂಪೌಂಡರ್, "ಇಂಜೆಕ್ಷನ್ ಇನ್ನೂ ಬಂದಿಲ್ರಿ, ಮುಂದಿನ ಮಂಗಳವಾರ ಬರ್ರಿ" ಅಂದ. ಅವ ಅಂದದ್ದು ಒಂದು ಮಂಗಳವಾರ, ಇವರು ಹಿಡಿದದ್ದು ಎಲ್ಲಾ ಮಂಗಳವಾರ. ಬಸ್ಸಿಗೆ ಹೆಣ್ಮಕ್ಕಳು ಆಧಾರ್ ಕಾರ್ಡ್ ತೋರಿಸಿದ್ರ ಆತು, ಒಬ್ಬಾಕಿ ಕಮತಗಿಯಿಂದ, ಒಬ್ಬಾಕಿ ಗುಡೂರಿಂದ ಹತ್ತು ಗಂಟೆಕ್ಕ ಬಂದು ಬೆಂಚು ಹಿಡಿಯೂದು. ದೊಡ್ಡವ್ವನ ಕರಕೊಂಡು ಹೋಗೂ ಕೆಲಸ ನಂದು.

ಹವಾ ಹೆಂಗಿತ್ತು ಅಂದ್ರ, ಅದಕ್ಕೂ ತಲಿ ಕೆಟ್ಟಿತ್ತು. ಮುಂಜಾನೆ ಥಂಡಿ, ಮಧ್ಯಾಹ್ನ ಧಗಿ, ಸಂಜಿಗೆ ಕರೀ ಮಾಡಾ. ಹಿಂಗಾರಿ ಜ್ವಾಳಾ ಬಿತ್ತಾವರು ಮುಗಲು ನೋಡಕೋತ ನಿಂತಿದ್ರು. ದೊಡ್ಡವ್ವನ ಚೀಲದಾಗ ಒಂದು ಸ್ವೆಟರ್, ಒಂದು ಬೀಸಣಿಕಿ, ಒಂದು ಛತ್ರಿ. ಶಾಂತವ್ವ ಬೀಸಣಿಕಿ ಕೇಳಿದ್ರ, ಗಿರಿಜವ್ವ ಸ್ವೆಟರ್ ಕೇಳತಿದ್ಲು. ಒಂದ ಬೆಂಚಿನ ಮ್ಯಾಲ ಎರಡು ಕಾಲ!

ಮೊದಲನೇ ಮಂಗಳವಾರ ಸುಮಿತ್ರಾ ಅನ್ನಾಕಿ ಕಥಿ ನಡೆದಿತ್ತು. ನಿರಿಗಿ ಶಾಂತವ್ವನ ಕೈಯಾಗ, ಒಡಲು ದೊಡ್ಡವ್ವನ ಕೈಯಾಗ, ಸೆರಗು ಗಿರಿಜವ್ವನ ಕೈಯಾಗ.

"ಆ ಮಾಸ್ತರ ಭಾಳ ಚೊಲೋ ಮನಷ್ಯಾ," ಅಂದ್ಲು ಶಾಂತವ್ವ. "ಸುಮಿತ್ರಾನ್ನ ನೋಡಾಕ ಬಂದಾನ. ಚಾ ಕುಡ್ಯಾಕತ್ತಾನ."

"ಭಾರೀ ಚೊಲೋ!" ಅಂದ್ಲು ದೊಡ್ಡವ್ವ. "ನನ್ನ ಭಾಗದಾಗ ಆಕಿ ಬಂಗಾರೆಲ್ಲಾ ತಗೊಂಡು ಓಡಿ ಹೋಗ್ಯಾನ."

"ಯಾವ ಮಾಸ್ತರ?" ಅಂದ್ಲು ಗಿರಿಜವ್ವ. "ನನ್ನದರಾಗ ಮಾಸ್ತರನ ಇಲ್ಲ. ಸುಮಿತ್ರಾ ಮುದುಕಿ ಆಗ್ಯಾಳ, ಮೊಮ್ಮಕ್ಕಳಿಗೆ ಉಂಡಿ ಕಟ್ಟಾಕತ್ತಾಳ."

"ಯಾರ ಮೊಮ್ಮಕ್ಕಳು?"

"ಯಾರಿಗ್ಗೊತ್ತು! ಗ್ವಾಡಿ ಮ್ಯಾಲ ಗಂಡನ ಫೋಟೋ ಐತಿ, ಮಾಲಿ ಹಾಕ್ಯಾರ, ಹೆಸರು ಬರದಿಲ್ಲ."

"ಯವ್ವಾ! ಚಾ ಕುಡ್ಯಾಕತ್ತಾವ ಸತ್ತನ?" ಅಂತ ಶಾಂತವ್ವ ಎದಿ ಮ್ಯಾಲ ಕೈ ಇಟ್ಟುಕೊಂಡ್ಲು.

ಬಾಜೂಕ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಂತಿದ್ದ ಒಬ್ಬ ಅಜ್ಜ ಇಷ್ಟೊತ್ತೂ ಇವರ ಮಾತಿಗೆ ಕಿವಿ ಕೊಟ್ಟಿದ್ದ. ತಡಕೊಳ್ಳಾಕ ಆಗಲಿಲ್ಲ ಅಂತ ಕಾಣತೈತಿ. "ಯಾವ ಊರಾಗ ಆತ್ರಿ ಇದು? ಬಂಗಾರದ ಸಲುವಾಗಿ ಕಂಪ್ಲೇಂಟ್ ಕೊಟ್ಟಾರೋ ಇಲ್ಲೋ?"

"ನನ್ನ ಭಾಗದಾಗ ಇನ್ನೂ ಊರ ಬಂದಿಲ್ಲ ಕಾಕಾ," ಅಂದ್ಲು ಶಾಂತವ್ವ.

"ನನ್ನ ತಂಗಿ ಮಗ ಪೋಲೀಸ್ ಅದಾನ್ರಿ. ಊರು ಬಂದ ಕೂಡ್ಲೆ ಹೇಳ್ರಿ!"

ಮುಂದಿನ ಮಂಗಳವಾರ ಅವನ ಕಾಲಿನ ಪಟ್ಟಿ ಬಿಚ್ಚಿತ್ತು, ಗಾಯ ಮಾಯ್ದಿತ್ತು. ಅಜ್ಜ ಮಾತ್ರ ನಮಗಿಂತ ಮೊದಲ ಬಂದು ಬೆಂಚಿನ ಮ್ಯಾಲ ಕುಂತಿದ್ದ. "ಬಂಗಾರ ಸಿಕ್ತೇನ್ರಿ?" ಕಥಿ ಪುಸ್ತಕದಾಗಿಂದು ಅಂತ ನಾ ತಿಳಿಸಿ ಹೇಳಿದೆ. ಅವಗ ಅದು ಒಪ್ಪಿಗಿ ಆಗಲಿಲ್ಲ. "ಪುಸ್ತಕದಾಗ ಇದ್ರೇನಾತು, ಕಳವು ಕಳವ ಅಲ್ಲೇನ್ರಿ?" ಅಂದ. ನನಗೂ ಅದು ಖರೆ ಅನಿಸಾಕ ಹತ್ತಿತು.

ಇಂಜೆಕ್ಷನ್ ಮಾತ್ರ ಇಲ್ಲ. ಎರಡನೇ ವಾರ ಕಾಂಪೌಂಡರ್ "ಹುಬ್ಬಳ್ಳಿಗೆ ಬಂದೈತ್ರಿ" ಅಂದ. ಮೂರನೇ ವಾರ "ಹುಬ್ಬಳ್ಳಿಗೂ ಬಂದಿಲ್ಲಂತ್ರಿ" ಅಂದ. ಬಂದದ್ದು ತಿರುಗಿ ಹೋತೋ, ಮೊದಲ ಬಂದಿರಲಿಲ್ಲೋ, ದೇವರಿಗೇ ಗೊತ್ತು. ದೊಡ್ಡವ್ವನ ಮಾರಿ ನೋಡಿ ಕಾಂಪೌಂಡರ್ ಗಾಬರಿಯಾಗಿ ಮಾತು ತಿರುಗಿಸಿದ. "ನಿಮಗೆಲ್ಲಾ ಭಾಳ ಸೇರೂ ಕಾದಂಬರಿ ಎಂಥಾದ್ರಿ ಅವ್ವಾರ?"

ಶಾಂತವ್ವಗ ಕಥ್ಯಾಗ ಎರಡು ಮದುವಿಯರ ಇರಬೇಕು. ದೊಡ್ಡವ್ವಗ ಅತ್ತಿಗೆ ತಿರುಗಿ ಮಾತಾಡೂ ಸೊಸಿ ಬೇಕು. ಗಿರಿಜವ್ವ, "ಕಡೀಕ ಎಲ್ಲಾರೂ ಒಂದ ಕಡೆ ಕುಂತು ಊಟಾ ಮಾಡೂವಂಥಾದ್ದು ನನಗ ಸೇರತೈತಿ" ಅಂದ್ಲು. ಅಂದು ಕೆಮ್ಮಿದ್ಲು.

ನಾಕನೇ ವಾರ ಆ ಕೆಮ್ಮು ಬಿಡವಲ್ದು. ಥಂಡಿ ಗಾಳಿ ಶುರುವಾಗಿತ್ತು, ಬೀಸಣಿಕಿ ಕೇಳಾವರು ಯಾರೂ ಇರಲಿಲ್ಲ. ಅವತ್ತು ಕಾದಂಬರಿ ಮಾತ ಬರಲಿಲ್ಲ. ದೊಡ್ಡವ್ವ ಚೀಟಿ ಇಲ್ಲದ ಸೀದಾ ಡಾಕ್ಟರ ಖೋಲಿಗೆ ನುಗ್ಗಿದ್ಲು. ಡಾಕ್ಟರು ಪಾಪ, "ಎಲ್ಲಾ ಕಡೆ ಹಿಂಗ ಐತ್ರಿ ಅವ್ವಾರ. ಬಾಗಲಕೋಟಿ, ಬಾದಾಮಿ, ಎಲ್ಲಿ ಕೇಳಿದ್ರೂ ಇಲ್ಲ. ಮ್ಯಾಲಿಂದನ ತಡಾ ಆಗೈತಿ" ಅಂದ್ರು.

"ಗಿರಿಜಾನ ಎದಿಗೆ ಇದನ್ನ ಯಾರು ತಿಳಿಸಿ ಹೇಳಬೇಕ್ರಿ?" ಅಂದ್ಲು ದೊಡ್ಡವ್ವ. ಹೊರಗ ಬಂದು ಚೀಲದಾಗಿನ ಸ್ವೆಟರ್ ತಗದು ಗಿರಿಜವ್ವಗ ತಾನ ತೊಡಿಸಿದ್ಲು.

ಐದನೇ ಮಂಗಳವಾರ ಅಂಗಡಿ ತಗಿಯೂದ್ರಾಗ ಕಾಂಪೌಂಡರಂದು ಫೋನ್. "ಅಣ್ಣಾರ, ಬಂದಾವ್ರಿ! ಮೂರು ತಗದು ಇಟ್ಟೇನಿ." ದೊಡ್ಡವ್ವಗ ಹೇಳಿದೆ. ಅರ್ಧಾ ತಾಸಿನ್ಯಾಗ ಹೊಸಾ ಕಾದಂಬರಿ ಬಗಲಾಗ ಹಿಡಕೊಂಡು ಬಂದ್ಲು. ನಾ ರೂಢಿ ಪ್ರಕಾರ ಕಟರಿನ ಹಿಡಿ ಎತ್ತಿದೆ.

"ಬ್ಯಾಡ. ಕವರ್ ಹಾಕಿ ಕೊಡು."

"ಕಡಿಯೂದು ಬ್ಯಾಡೇನು?"

"ಕಿವಿ ಕೇಳಸವಲ್ದೇನು ನಿನಗ?"

ಕಡೀಬ್ಯಾಡಂತ ಏಳೆಂಟು ತಿಂಗಳು ಬಡಕೊಂಡಾವ ನಾ. ಈಗ ಆಕೀನ ಬ್ಯಾಡ ಅಂದ್ರ ನನಗ ಸಂಶೇ ಬಂತು, ಆಕಿಗೆ ಮೈಯಾಗ ಆರಾಮಿಲ್ಲೇನೋ ಅಂತ! ಖಾಕಿ ಕವರ್ ಹಾಕಿ ಕೊಟ್ಟೆ.

ದವಾಖಾನಿಗೆ ಹೋದ್ವಿ. ಶಾಂತವ್ವ ಬಂದಿದ್ಲು, ಅಜ್ಜ ಬಂದಿದ್ದ, ಗಿರಿಜವ್ವ ಇಲ್ಲ. ಹತ್ತು ಆತು, ಹತ್ತೂವರಿ ಆತು. ಫೋನ್ ಹಚ್ಚಿದ್ರ ಬಂದ್. ಕಾಂಪೌಂಡರ್, "ನೀವಿಬ್ಬರರ ಮಾಡಿಸಿಕೊಳ್ಳ್ರಿ" ಅಂದ. "ಮೊದಲು ಆಕಿಗೆ" ಅಂದ್ಲು ದೊಡ್ಡವ್ವ. ಹನ್ನೊಂದಾತು. "ಗಾಡಿ ತಗಿ, ಗುಡೂರಿಗೆ ಹೋಗೂಣು" ಅಂತ ದೊಡ್ಡವ್ವ ಎದ್ದು ನಿಂತ್ಲು. ಆಕಿ ಧ್ವನಿ ಕೇಳಿ ನನಗ ಬಾಗಲಕೋಟಿ ದವಾಖಾನಿ ಕಣ್ಣಮುಂದ ಬಂತು.

ಅಷ್ಟೊತ್ತಿಗೆ ಬಾಗಲದಾಗ ಗಿರಿಜವ್ವ! ಏದುಸಿರು ಬಿಡಕೋತ, ಕೈಯಾಗ ಸುಮಿತ್ರಾನ ಒಡಲು ಹಿಡಕೊಂಡು.

"ಬಸ್ಸಿನ್ಯಾಗ ಓದಕೋತ ಕುಂತೆ. ಇಳಕಲ್ಲ ಬಂದದ್ದು ಗೊತ್ತಾಗಲಿಲ್ಲ. ಹುನಗುಂದ ಬಂದ ಮ್ಯಾಲ ಕಂಡಕ್ಟರ್ ಇಳಿಸಿದ. ಅಲ್ಲ, ಆ ಮಾಸ್ತರ ಬಂಗಾರ ತಗೊಂಡು ಹೋಗಿದ್ದು ಸುಮಿತ್ರಾನ ಅಪ್ಪನ ಔಷಧಕ್ಕಂತ! ನೀ ಮೊದಲ ಓದಿದಾಕಿ, ಬಾಯಿ ಬಿಟ್ಟು ಹೇಳಬಾರದೇನು?"

"ಹಂಗಾರ ಕಂಪ್ಲೇಂಟ್ ಬ್ಯಾಡ ಬಿಡ್ರಿ," ಅಂದ ಅಜ್ಜ.

ದೊಡ್ಡವ್ವ ಬೈದದ್ದು ಬೈದದ್ದು! ಬೈದು ಮುಗಿಸಿ ಕಣ್ಣು ಒರಸಿಕೊಂಡ್ಲು. ಡಾಕ್ಟರು ಗಿರಿಜವ್ವನ ಎದಿ ನೋಡಿ, ಜ್ವರ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಇಂಜೆಕ್ಷನ್ ಕೊಟ್ರು. "ಇನ್ನ ಎರಡು ವಾರ ಜ್ವಾಕಿ ಇರ್ರಿ. ಇದರಿಂದ ಏನೂ ಆಗೂದ ಇಲ್ಲ ಅಂತ ನಾ ಬರದು ಕೊಡೂದಿಲ್ಲ. ಆದ್ರ ಹ್ವಾದ ವರ್ಷದಷ್ಟು ಅಂಜಿಕಿ ಇಲ್ಲ" ಅಂದ್ರು.

ಮೂವರೂ ರಟ್ಟಿ ತಿಕ್ಕಿಕೋತ ಬೆಂಚಿಗೆ ಬಂದು ಕುಂತ್ರು. ದೊಡ್ಡವ್ವ ಚೀಲದಾಗಿಂದ ಹೊಸಾ ಪುಸ್ತಕಾ ತಗದು ಗಿರಿಜವ್ವನ ಉಡಿಯಾಗ ಇಟ್ಲು.

ಗಿರಿಜವ್ವ ತಿರುವಿ ಮುರುವಿ ನೋಡಿದ್ಲು. "ಸೆರಗು ಎಲ್ಲೈತಿ?"

"ಅದರಾಗ ಐತಿ. ಎಲ್ಲಾ ಅದರಾಗ ಐತಿ."

"ಮತ್ತ ನಿಮಗ?"

"ನೀ ಓದಿ ಮುಗಿಸಿ ಕೊಡು. ನಾವು ಕಾಯತೇವಿ."

ಕಾಯಾಕ ಪುರಸೊತ್ತಿಲ್ಲ ಅಂದಾಕಿ ಈಕೀನ ಅಲ್ಲೇನು? ಆವಾಗ, ಅಷ್ಟು ತಡಾ ಆಗಿ, ನನ್ನ ಮಬ್ಬ ತಲಿಗೆ ತಿಳೀತು. ಅವತ್ತು ಮಾಸ್ಕ್ ಸರಿಸಿ ಗಿರಿಜವ್ವ ಕೇಳಿದ್ದು, ಕಥಿ ಕಡೀಕ ಏನಾತು ಅಂತ. ಅರ್ಧಕ್ಕ ಬಿಟ್ಟು ಹೋಗಬೇಕಾಗತೈತೇನೋ ಅನ್ನೂ ಅಂಜಿಕಿ ಆಕಿಗೆ ಮತ್ತ ಬರಬಾರದಂತ ದೊಡ್ಡವ್ವ ಎಲ್ಲಾ ಪುಸ್ತಕದ ಕಡೀ ಭಾಗ ಕಡಿಸಿ ಮೊದಲು ಆಕಿ ಕೈಯಾಗ ಇಟ್ಟಾಳ. ನಾ ಆಕಿಗೆ ಹುಚ್ಚು ಅಂದುಕೊಂಡಿದ್ದೆ.

ಗಿರಿಜವ್ವಗ ನನಗಿಂತ ಮೊದಲ ತಿಳಿದಿರಬೇಕು. ಆದ್ರ ರೂಢಿ ಬಿಡತೈತೇನ್ರಿ? ಆಕಿ ಬೆರಳು ತಾನ ಪುಸ್ತಕದ ಕಡೀ ಹಾಳಿಗೆ ಹೋತು.

ದೊಡ್ಡವ್ವ ಆ ಕೈಗೆ ಫಟ್ಟಂತ ಒಂದು ಹಾಕಿದ್ಲು.

"ಏ! ಮೊದಲಿಂದ ಓದು."