ಅತ್ತೆಯ ಕೈಗೆ ಸಿಕ್ಕ ಬೋನ್ಸಾಯ್

ಅಗ್ಗದ ಗಿಡ ತಂದು, ಕುಂಡದಲ್ಲೇ ಗೇಣುದ್ದದ ಮರ ಮಾಡುವ ಹುಚ್ಚು ಹತ್ತಿದವರ ಮನೆಯಲ್ಲಿ ತಮಾಷೆಗೆ ಬರವಿಲ್ಲ. ಅದರಲ್ಲೂ ಈ ಬೇಸಿಗೆಯಲ್ಲಿ ನಮ್ಮ ನವನಗರದ ಮನೆಗೆ ಇಳಕಲ್ಲಿನಿಂದ ಅತ್ತೆ ಬಂದ ಮೇಲೆ ನನಗೂ ಗಿಡಗಳಿಗೂ ಪುರಸೊತ್ತೇ ಇಲ್ಲ.

ಸೊಟ್ಟ ಗಿಡ

ವಿದ್ಯಾಗಿರಿಯ ಕಡೆ ಒಂದು ನರ್ಸರಿಗೆ ಹೋಗಿದ್ದೆ. ಮಾಲೀಕರು ಎತ್ತರದ, ನೆಟ್ಟಗಿನ ಗಿಡಗಳನ್ನೇ ತೋರಿಸಿದರು. ನನ್ನ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಬನ್ನಿ ಗಿಡದ ಮೇಲೆ. ಬುಡ ದಪ್ಪ, ಸೊಂಟ ಡೊಂಕು. ಬೋನ್ಸಾಯ್‌ಗೆ ಅಂಥದ್ದೇ ಚಂದ.

"ಅದು ಬ್ಯಾಡ್ರಿ ಅಕ್ಕಾರ, ಭಾಳ ಸೊಟ್ಟ ಐತಿ."

"ನನಗ ಸೊಟ್ಟನ ಬೇಕ್ರಿ."

ಪಾಪ, ನಾಚಿಕೊಂಡು ಅರ್ಧ ರೇಟಿಗೆ ಕೊಟ್ಟರು. ಮೇಲೆ ಒಂದು ನೆಟ್ಟಗಿನ ದಾಸವಾಳವನ್ನೂ ಪುಕ್ಕಟೆ ಇಟ್ಟು ಹೇಳಿದರು: "ಯಾರರ ಕೇಳಿದ್ರ ಇದನ್ನ ತೋರಸ್ರಿ. ಅದನ್ನ ನಮ್ಮಲ್ಲಿ ತಗೊಂಡೀನಿ ಅಂತ ಮಾತ್ರ ಹೇಳಬ್ಯಾಡ್ರಿ."

ತಂತಿ

ಅತ್ತೆಗೆ ಮೊಣಕಾಲು ನೋವು. ಓಡಾಡುವ ಹಾಗಿಲ್ಲ, ದಿನವೆಲ್ಲ ವರಾಂಡದ ಕುರ್ಚಿಯಲ್ಲಿ ಕೂರುತ್ತಾರೆ. ನೇಕಾರರ ಓಣಿಯಲ್ಲಿ ಇಡೀ ಓಣಿಯನ್ನೇ ಮಾತಾಡಿಸಿಕೊಂಡು ಇದ್ದವರಿಗೆ ಇಲ್ಲಿ ಒಬ್ಬರ ಗುರುತೂ ಇಲ್ಲ. ನನ್ನ ಗಿಡಗಳನ್ನೇ ಮಾತಾಡಿಸುತ್ತಿದ್ದರು.

ಬನ್ನಿಯ ಟೊಂಗೆ ಬಾಗಲಿ ಎಂದು ತಂತಿ ಸುತ್ತಿ ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದರೆ ತಂತಿ ಮಾಯ, ಗಿಡವೆಲ್ಲ ಘಾಟು ವಾಸನೆ.

"ಅದರ ಕೈ ಮುರದಿತ್ತೇನ? ಅಷ್ಟ ಬಿಗಿ ಕಟ್ಟಬಾರದವ್ವಾ," ಎಂದರು ಅತ್ತೆ. "ನನ್ನ ಮಣಕಾಲಿನ ಎಣ್ಣಿ ಹಚ್ಚೀನಿ. ನಾಳಿಗೆ ಆರಾಮ ಅಕ್ಕೈತಿ."

ಬನ್ನಿ

ದಸರೆ ಬಂತು. ಹಬ್ಬದ ಸಂಜೆ ಚಿಕ್ಕವರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಬೆಳಗಿನಿಂದಲೂ ಮಂಕಾಗಿದ್ದರು.

"ಇಳಕಲ್ಲದಾಗ ಓಣಿ ಮಂದಿಯೆಲ್ಲ ಮನಿಗೆ ಬರ್ತಿದ್ರು. ಇಲ್ಲಿ ನನಗ ಬನ್ನಿ ಕೊಡಾಕ ಯಾರ ಬರ್ತಾರ?"

ನಾವಾದರೂ ಕೊಡೋಣ ಎಂದು ಗಂಡನ ಜೊತೆ ಬನ್ನಿ ತರಲು ಗುಡಿಗೆ ಹೋದೆ.

ತಿರುಗಿ ಬಂದರೆ ನಮ್ಮ ಗೇಟಿನಲ್ಲಿ ಜನವೋ ಜನ. ಅತ್ತೆಗೆ ಏನಾಯಿತೋ! ನುಗ್ಗಿ ನೋಡಿದರೆ ಅತ್ತೆ ಯಾರಿಂದಲೋ ಕುರ್ಚಿಯನ್ನು ಗೇಟಿಗೆ ತರಿಸಿಕೊಂಡು, ನನ್ನ ಬನ್ನಿಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ! ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಎಲೆ ಹರಿದು ಕೊಡುತ್ತಿದ್ದಾರೆ.

"ಬರ್ರಿ, ಬರ್ರಿ, ಬನ್ನಿ ತಗೊಂಡು ಬಂಗಾರದಂಗ ಇರೂಣು!"

ಇಷ್ಟು ವರ್ಷ ನಮ್ಮತ್ತ ತಲೆ ಎತ್ತಿ ನೋಡದ ಎದುರುಮನೆಯ ಸಾಹೇಬರು ಬಗ್ಗಿ ಅತ್ತೆಯ ಕಾಲು ಮುಟ್ಟುತ್ತಿದ್ದರು. ಅವರ ಹೆಂಡತಿ ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಕುದಿಸುತ್ತಿದ್ದರು.

ನನ್ನ ಬೋನ್ಸಾಯ್ ಪೂರಾ ಬೋಳು. ಅತ್ತೆಯ ಮುಖ ನೋಡಿದೆ. ಇಳಕಲ್ಲು ಬಿಟ್ಟ ಮೇಲೆ ಅವರು ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಬಂದ ಸಿಟ್ಟು ಎಲ್ಲಿ ಹೋಯಿತೋ, ನಾನೂ ಕಾಲಿಗೆ ಬಿದ್ದೆ.

ಅವರು ನನ್ನ ತಲೆ ಸವರಿ, ಬೇರೆಯವರಿಗೆ ಕೇಳಿಸದ ಹಾಗೆ ಅಂದರು: "ಯವ್ವಾ, ಮುಂದಿನ ವರ್ಷಕ್ಕ ಇದನ್ನ ಜರಾ ದೊಡ್ಡದು ಮಾಡು. ಮಂದಿಗೆ ಸಾಲಲಿಲ್ಲ."