ಯಾರಪ್ಪನದೂ ಅಲ್ಲದ ಭಾಷೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸ್ಟೀಲ್ ಗ್ಲಾಸು.

ನೀರು ಸರಬರಾಜು ಕಚೇರಿಯ ಮೂಲೆಯಲ್ಲಿ ಒಂದು ಫಿಲ್ಟರು, ಅದರ ತಲೆಯ ಮೇಲೆ ಈ ಗ್ಲಾಸು. ಊರಿಗೆಲ್ಲ ನೀರು ಕುಡಿಸುವ ಕಚೇರಿಗೆ ಇದ್ದದ್ದು ಅದೊಂದೇ. ಕುಡಿದವರು ಯಾರೂ ತೊಳೆದಿಡುತ್ತಿರಲಿಲ್ಲ. ರೋಸಿಹೋದ ಹೆಡ್ ಗುಮಾಸ್ತರು ‘ಕುಡಿದ ಮೇಲೆ ತೊಳೆದಿಡಿ’ ಎಂದು ತಮ್ಮ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಸ್ಟೋರ್ ಕೀಪರು ಅದನ್ನು ಕಿತ್ತುಹಾಕಿ, ಅದೇ ಮಾತನ್ನು ತಮ್ಮ ಭಾಷೆಯಲ್ಲಿ ಬರೆದು ಅಂಟಿಸಿದರು. ಅಲ್ಲಿಗೆ ಗ್ಲಾಸು ತೊಳೆಯುವುದೆಂದರೆ ಎದುರು ಪಕ್ಷದ ಕಾಲಿಗೆ ಬಿದ್ದಂತೆ ಎಂದಾಯಿತು. ಗ್ಲಾಸಿನ ಅಂಚಿನಲ್ಲಿ ಕೊಳೆ ಹೆಪ್ಪುಗಟ್ಟಿತು.

ಅದುವರೆಗೆ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಎಂದು ಕಚೇರಿಯಲ್ಲಿ ಯಾರೂ ಗಮನಿಸಿದವರೇ ಅಲ್ಲ. ಅರ್ಧ ಅವರದು, ಅರ್ಧ ಇವರದು, ಸಾಲದ್ದಕ್ಕೆ ಕೈಬಾಯಿ ಸನ್ನೆ, ಕೆಲಸ ನಡೆಯುತ್ತಿತ್ತು. ಆದರೆ ಆಗ ಇಂಗ್ಲಿಷನ್ನೇ ರಾಷ್ಟ್ರಭಾಷೆ ಮಾಡಬೇಕೋ ಬೇಡವೋ ಎಂದು ಟೀವಿಯಲ್ಲಿ ದಿನಾ ರಾತ್ರಿ ಕಿರುಚಾಟ ನಡೆಯುತ್ತಿತ್ತಲ್ಲ, ಅದನ್ನು ಕೇಳಿಕೊಂಡು ಬಂದವರು ಬೆಳಿಗ್ಗೆ ಸುಮ್ಮನೆ ಕೂರುತ್ತಾರೆಯೇ? ಹೆಡ್ ಗುಮಾಸ್ತರ ಭಾಷೆಯವರು ಮೇಜುಗಳನ್ನು ಕಿಟಕಿಯ ಕಡೆಗೆ ಎಳೆದುಕೊಂಡರು. ಸ್ಟೋರ್ ಕೀಪರ ಭಾಷೆಯವರು ಬಾಗಿಲ ಕಡೆಗೆ ಸರಿದರು. ನಿವೃತ್ತಿಯ ಹೊಸ್ತಿಲಲ್ಲಿದ್ದ ಸಾಹೇಬರು ತಲೆನೋವು ತಾಳಲಾರದೆ, ಕಚೇರಿಗೆ ಒಂದೇ ಭಾಷೆ, ಅದು ಯಾವುದೆಂದು ಓಟು ಹಾಕಿ ತೀರಿಸಿಕೊಳ್ಳಿ ಎಂದುಬಿಟ್ಟರು. ತಲೆ ಎಣಿಸಿದರೆ ಎರಡೂ ಕಡೆ ಸಮ. ಉಳಿದದ್ದು ಒಂಟಿ.

ಒಂಟಿ ಎನ್ನುವುದು ಅವನ ಹೆಸರಲ್ಲ. ಅವನ ಮನೆಮಾತು ಆಡುವವರು ಕಚೇರಿಯಲ್ಲಿ ಇನ್ನೊಬ್ಬರಿಲ್ಲ ಎಂದು ಎಲ್ಲರೂ ಸೇರಿ ಇಟ್ಟದ್ದು. ಎರಡೂ ಗುಂಪಿನ ನಡುವೆ ಫೋನಿನ ಪಕ್ಕ ಕೂತು, ನೀರು ಬರಲಿಲ್ಲ ಎನ್ನುವವರಿಗೆಲ್ಲ ಬರುತ್ತದೆ ಬರುತ್ತದೆ ಎನ್ನುವುದು ಅವನ ಉದ್ಯೋಗ.

ಓಟಿನ ದಿನವೇ ಅವನ ತಾಯಿಗೆ ಕಣ್ಣಿನ ಆಪರೇಷನ್. ಮುದುಕಿಗೆ ಎರಡೂ ಕಣ್ಣಿಗೆ ಪೊರೆ. ಮಗ ಮುಂದೆ ಬಂದು ನಿಂತರೂ ಬಾಯಿಬಿಟ್ಟ ಮೇಲೆಯೇ ಗುರುತು. ಆಕೆಗೆ ಬರುವುದು ತನ್ನದೊಂದೇ ಭಾಷೆ. ಒಂಟಿಯ ಹೆಂಡತಿಗೆ ಅದು ಬರುವುದಿಲ್ಲ. ಅತ್ತೆ ಸೊಸೆ ಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದವರು, ಅತ್ತೆಗೆ ಕಣ್ಣು ಮಂಜಾದ ಮೇಲೆ ಅದೂ ನಿಂತುಹೋಗಿತ್ತು. ಬೆಳಿಗ್ಗೆ ಸೊಸೆಯ ಜೊತೆ ಆಸ್ಪತ್ರೆಗೆ ಹೊರಡುವಾಗ ತಾಯಿ ಅವನ ಕೈ ಬಿಟ್ಟಿರಲಿಲ್ಲ. ನೀನು ಬಂದು ನನ್ನ ಹತ್ತಿರ ಮಾತಾಡೋ ತನಕ ನನ್ನ ಕಣ್ಣು ಯಾರೂ ಮುಟ್ಟಬಾರದು ಎಂದಳು. ಮಧ್ಯಾಹ್ನದ ಹೊತ್ತಿಗೆ ಬಂದೇ ಬರುತ್ತೇನೆ ಎಂದು ಅವನು ಆಣೆ ಹಾಕಿದ್ದ.

ಕಚೇರಿಗೆ ಬಂದು ರಜೆ ಚೀಟಿ ಇಟ್ಟರೆ ಸಾಹೇಬರು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಓಟು ಮುಗಿಯದೆ ನೀನು ಹೋದರೆ ಇವರು ನನ್ನನ್ನು ಹರಿದು ತಿನ್ನುತ್ತಾರೆ ಎಂದರು.

ಅಷ್ಟು ವರ್ಷ ಅವನಿಗೆ ಒಂದು ಗಟ್ಟಿ ಕುರ್ಚಿ ಕೊಡದವರು ಅವತ್ತು ಮದುಮಗನಿಗೆ ಮಾಡಿದಂತೆ ಉಪಚಾರ ಮಾಡಿದರು. ಕಿಟಕಿಯ ಕಡೆಯವರು ತಮ್ಮ ಫ್ಯಾನನ್ನು ಅವನತ್ತ ತಿರುಗಿಸಿದರು. ಬಾಗಿಲ ಕಡೆಯವರು, ಓಟು ನಮಗೆ ಹಾಕು, ಸ್ಕೂಟರಿನಲ್ಲಿ ಆಸ್ಪತ್ರೆಗೆ ಬಿಟ್ಟುಬರುತ್ತೇವೆ ಎಂದರು. ನಿಮ್ಮ ಭಾಷೆಯೂ ನಮ್ಮದೂ ಅಕ್ಕತಂಗಿ ಇದ್ದಹಾಗೆ ಎಂದು ಎರಡೂ ಕಡೆಯವರು ಬೇರೆ ಬೇರೆಯಾಗಿ ಬಂದು ಕಿವಿಯಲ್ಲಿ ಹೇಳಿದರು. ಯಾರಿಗೆ ಹಾಕಿದರೂ ಇನ್ನೊಬ್ಬರು ಜನ್ಮವಿಡೀ ಹಗೆ ಸಾಧಿಸುತ್ತಾರೆ, ಮತ್ತು ಅವನು ಕೂರುವುದು ಇಬ್ಬರ ನಡುವೆ.

ಸಭೆ ಶುರುವಾಗಿ ಭಾಷಣದ ಮೇಲೆ ಭಾಷಣ ನಡೆಯಿತು. ಮಧ್ಯಾಹ್ನ ಕಳೆಯಿತು, ಹೊತ್ತು ವಾಲಿತು. ಕೊನೆಗೆ ಸಾಹೇಬರು ನಿನ್ನ ಓಟು ಯಾರಿಗಪ್ಪ ಎಂದಾಗ, ಅವನ ಬಾಯಿಂದ ಅವನೇ ಯೋಚಿಸಿರದ ಮಾತು ಹೊರಗೆ ಬಿತ್ತು.

“ಅವರದೂ ಬೇಡ, ಇವರದೂ ಬೇಡ ಸಾರ್. ಇಂಗ್ಲಿಷ್ ಇಟ್ಕೊಳ್ಳಿ. ಅದು ಇಲ್ಲಿ ಯಾರಪ್ಪಂದೂ ಅಲ್ಲ.”

ಎರಡೂ ಕಡೆಯಿಂದ ಚಪ್ಪಾಳೆ ಬಿತ್ತು. ನಾವು ಗೆಲ್ಲದಿದ್ದರೇನು, ಅವರು ಸೋತರಲ್ಲ ಎನ್ನುವ ಸಂತೋಷ ಎರಡೂ ಕಡೆಗೆ ಒಂದೇ ಸಮ ಹಂಚಿಹೋಯಿತು. ಈ ನಿಮಿಷದಿಂದಲೇ ಜಾರಿ ಎಂದರು ಹೆಡ್ ಗುಮಾಸ್ತರು. ಕಚೇರಿ ಫೋನೂ ಸೇರಲಿ ಎಂದರು ಸ್ಟೋರ್ ಕೀಪರು. ಮಾತು ತಪ್ಪಿದವರಿಗೆ ರಜೆ ಇಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಸಾಹೇಬರು ಅದನ್ನು ಬರೆಸಿ ಫಿಲ್ಟರಿನ ಮೇಲೆ ಅಂಟಿಸಿದರು. ಗ್ಲಾಸು ತೊಳೆಯಬೇಕೆಂಬ ಮಾತನ್ನು ಅದರಲ್ಲಿ ಸೇರಿಸಲು ಎಲ್ಲರೂ ಮರೆತರು.

ಒಂಟಿ ರಜೆ ಚೀಟಿ ಹಿಡಿದು ಓಡಿದ. ಸಾಹೇಬರು ಕನ್ನಡಕ ಏರಿಸಿ ನೋಡಿ, ಇದನ್ನೂ ಇಂಗ್ಲಿಷಿನಲ್ಲಿ ಬರೆದು ತಾ ಎಂದರು. ಪೆನ್ನು ಕಚ್ಚುತ್ತ ಎರಡು ಸಾಲು ಬರೆದು ಸಾಹೇಬರ ಮುಂದೆ ಇಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಆ ಕಡೆ ಹೆಂಡತಿ.

“ರೀ, ಎಲ್ಲಿದ್ದೀರಿ? ಅತ್ತೆ ಕಣ್ಣಿಗೆ ಡ್ರಾಪ್ಸ್ ಹಾಕೋಕೂ ಬಿಡ್ತಿಲ್ಲ. ನರ್ಸಿನ ಕೈ ತಳ್ತಾರೆ. ಡಾಕ್ಟರು ಇನ್ನೈದು ನಿಮಿಷ ನೋಡ್ತಾರಂತೆ, ಆಮೇಲೆ ಬೇರೆಯವರನ್ನ ಕರೀತಾರಂತೆ. ಮತ್ತೆ ನಮ್ಮ ಸರದಿ ಯಾವಾಗಲೋ, ಅಷ್ಟರಲ್ಲಿ ಇರೋ ದೃಷ್ಟಿನೂ ಹೋಗತ್ತೆ ಅಂದ್ರು. ಫೋನ್ ಕೊಡ್ತೀನಿ, ನೀವೇ ಹೇಳಿ.”

ಒಂಟಿ ತನ್ನ ಭಾಷೆಯಲ್ಲಿ ಬಾಯಿ ತೆರೆದ. ಮೊದಲ ಮಾತು ಪೂರ್ತಿಯಾಗುವುದರೊಳಗೆ ಕಿಟಕಿಯ ಕಡೆಯ ಹರಟೆಯೂ ಬಾಗಿಲ ಕಡೆಯ ಹರಟೆಯೂ ನಿಂತಿತು. ಅಷ್ಟು ಹೊತ್ತು ಎರಡೂ ಗುಂಪು ಹರಟುತ್ತಿದ್ದದ್ದು ತಮ್ಮತಮ್ಮ ಭಾಷೆಯಲ್ಲೇ, ಇಂಗ್ಲಿಷಿನಲ್ಲಲ್ಲ. ಹೆಡ್ ಗುಮಾಸ್ತರು ಬಂದು ಫೋನಿನ ಬಾಯಿಗೆ ಅಂಗೈ ಮುಚ್ಚಿದರು.

“ಮೊದಲನೇ ದಿನವೇ ಶುರು ಮಾಡಿದೆಯಲ್ಲೋ.”

“ನೀವೂ ಈಗ ನಿಮ್ಮ ಭಾಷೇಲೇ ಮಾತಾಡ್ತಿದ್ರಲ್ಲ ಸಾರ್,” ಎಂದು ಒಂಟಿ ಅಂಗಲಾಚಿದ. “ನಮ್ಮ ತಾಯಿ ಸಾರ್, ಆಸ್ಪತ್ರೇಲಿದಾರೆ.”

“ನಾವು ಮಾತಾಡಿದ್ರೆ ಅವರಿಗೆ ತಿಳಿಯತ್ತೆ, ಅವರು ಮಾತಾಡಿದ್ರೆ ನಮಗೆ ತಿಳಿಯತ್ತೆ,” ಎಂದರು ಸ್ಟೋರ್ ಕೀಪರು, ವರ್ಷದಲ್ಲಿ ಮೊದಲ ಸಲ ಹೆಡ್ ಗುಮಾಸ್ತರ ಪಕ್ಕ ನಿಂತು. “ನಿಂದು ಯಾರಿಗೆ ತಿಳಿಯತ್ತೆ? ನಮ್ಮನ್ನೇ ಬೈತಿದೀಯೋ ಏನೋ.”

ಒಂಟಿ ಸಾಹೇಬರ ಕಡೆ ನೋಡಿದ. ಸಾಹೇಬರು ರಜೆ ಚೀಟಿಯ ಮೇಲೆ ಹಿಡಿದಿದ್ದ ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡರು. ನಿಯಮ ನಿಯಮವೇ, ತಂದದ್ದೂ ನೀನೇ, ನಾನೇನು ಮಾಡಲಿ ಎಂದು ಗೊಣಗಿದರು. ರುಜು ಬೀಳದೆ ಎದ್ದುಹೋದರೆ ಕೆಲಸಕ್ಕೆ ಕುತ್ತು, ಹೋದರೂ ಆಸ್ಪತ್ರೆ ಊರಿನ ಆ ತುದಿಯಲ್ಲಿ. ಫೋನಿನೊಳಗೆ ತಾಯಿ ಅವನ ಹೆಸರು ಹಿಡಿದು ನೀನೇನಾ ಎಂದು ಕೇಳುತ್ತಿದ್ದಳು. ಒಂಟಿ ಹೆಡ್ ಗುಮಾಸ್ತರ ಅಂಗೈ ಸರಿಸಿ, ಕಣ್ಣು ಮುಚ್ಚಿಕೊಂಡು, ಶಾಲೆಯಲ್ಲಿ ಕಲಿತದ್ದರಲ್ಲಿ ಉಳಿದಷ್ಟನ್ನು ಕೂಡಿಸಿಕೊಂಡು ಹೇಳಿದ.

“ಮದರ್... ಪ್ಲೀಸ್ ಕೋಆಪರೇಟ್. ಐ ಆಮ್ ಯುವರ್ ಸನ್.”

ಆ ಕಡೆ ತಾಯಿ ಸೊಸೆಗೋ ನರ್ಸಿಗೋ ಹೇಳುವುದು ಕೇಳಿಸಿತು. ಅಲ್ಲಿ ಯಾರಿಗೂ ಅರ್ಥವಾಗದ ಆ ಮಾತು ಇಲ್ಲಿ ಅವನೊಬ್ಬನಿಗೇ ಅರ್ಥವಾಯಿತು.

“ಇವನ್ಯಾರೋ ನನ್ನ ಮಗ ಅಲ್ಲಮ್ಮ. ನನ್ನ ಮಗನಿಗೆ ಮಾತು ಬರತ್ತೆ. ಅವನು ಬರಲಿ, ಕಾಯ್ತೀನಿ.”

ಫೋನು ಕಟ್ಟಾಯಿತು. ಮತ್ತೆ ಮತ್ತೆ ತಿರುಗಿಸಿದರೂ ಆ ಕಡೆ ಎತ್ತಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಎಂದೋ ದಾಟಿತ್ತು. ಒಂಟಿ ಎದ್ದುಹೋಗಿ ಆ ಕೊಳಕು ಗ್ಲಾಸಿನಲ್ಲೇ ನೀರು ಹಿಡಿದು ಕುಡಿದ. ಸಾಹೇಬರು ರಜೆ ಚೀಟಿಗೆ ರುಜು ಎಳೆದು ಅವನತ್ತ ಚಾಚುತ್ತ, ಕಾಳಜಿಯಿಂದ, ನಿಯಮದ ಪ್ರಕಾರ ಇಂಗ್ಲಿಷಿನಲ್ಲೇ ಕೇಳಿದರು, ತಾಯಿ ಏನು ಹೇಳಿದರು ಎಂದು.

“ರಾಂಗ್ ನಂಬರ್, ಸಾರ್,” ಎಂದ ಒಂಟಿ.

ಎಷ್ಟು ಬೇಗ ಕಲಿತುಬಿಟ್ಟ ನೋಡಿ ಎಂದು ಹೆಡ್ ಗುಮಾಸ್ತರು ತಮ್ಮ ಭಾಷೆಯಲ್ಲಿ ಮೆಚ್ಚಿಕೊಂಡರು. ಸ್ಟೋರ್ ಕೀಪರು ಹೌದೌದು ಎಂದರು, ತಮ್ಮದರಲ್ಲಿ.