ಪ್ರಿಂಟರ್ ಫೈಲ್ ಅಳಿಸಿದ ಪ್ರಸಂಗ

ಚಿಂತಾಮಣಿಯ ಡಿಪ್ಲೊಮಾ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಮೇಷ್ಟರಾಗಿದ್ದೆ. ದಪ್ಪ ಮಾನಿಟರುಗಳ ಕಾಲ. ವಿದ್ಯಾರ್ಥಿ ಪಾಸ್‌ವರ್ಡ್ ಕೊಟ್ಟು ಒಳಬಂದೊಡನೆ ಪ್ರಿಂಟರೂ ಸೇರಿ ಬೇಕಾದ್ದನ್ನೆಲ್ಲ ಸಾಲುಸಾಲಾಗಿ ಸಿದ್ಧಪಡಿಸುವ ಆಜ್ಞೆಗಳ ಪಟ್ಟಿ, ಅಂದರೆ ಶೆಲ್ ಸ್ಕ್ರಿಪ್ಟ್ ಒಂದನ್ನು ಸರ್ವರಿನಲ್ಲಿ ಬರೆದಿಟ್ಟಿದ್ದೆ. ಅದಕ್ಕೆ ನನ್ನ ಕಟ್ಟಪ್ಪಣೆ: ಎಲ್ಲೇ ತಪ್ಪು ಕಂಡರೂ ಅಲ್ಲೇ ನಿಲ್ಲತಕ್ಕದ್ದು! ಶಿಸ್ತೆಂದರೆ ನನಗೆ ಪ್ರಾಣ.

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಸರ್ವರನ್ನು ಚೊಕ್ಕಟ ಮಾಡಲು ಕೂತೆ. ಪ್ರಿಂಟರಿನ ಸೆಟ್ಟಿಂಗ್ ಫೈಲ್ ಕಣ್ಣಿಗೆ ಬಿತ್ತು. ಪ್ರಿಂಟರೇ ರಿಪೇರಿಗೆ ಹೋಗಿದೆ, ಇದಕ್ಕೇನು ಕೆಲಸ? ಅಳಿಸಿದೆ.

ಮರುದಿನ ಗೌರಿಬಿದನೂರಿನಿಂದ ಪರೀಕ್ಷಕರಾಗಿ ಸರೋಜಮ್ಮ ಮೇಡಂ ಬಂದರು. ಮಕ್ಕಳು ಪಾಸ್‌ವರ್ಡ್ ಒತ್ತಿದರು. ಸ್ಕ್ರಿಪ್ಟ್ ಆ ಫೈಲನ್ನು ಹುಡುಕಿತು, ಸಿಗಲಿಲ್ಲ, ನಿಂತಿತು. ತಾನು ನಿಂತದ್ದಲ್ಲದೆ ಮಕ್ಕಳನ್ನೂ ಹೊರಗೆ ತಳ್ಳಿತು!

"ಸಾರ್, ಒಳಗೇ ಬಿಡ್ತಿಲ್ಲ!" ಜಂಗಮಕೋಟೆಯ ಶಶಿಕಲಾ ಅಳುವಂತಾದಳು. ಇಂದು ಪರೀಕ್ಷೆ ತಪ್ಪಿದರೆ ಇವರೆಲ್ಲ ಮುಂದಿನ ಸೆಮಿಸ್ಟರಿನವರೆಗೆ ಕಾಯಬೇಕು.

"ನಾನಿದ್ದೀನಲ್ಲಮ್ಮ," ಎಂದೆ. ಸರ್ವರಿನಲ್ಲಿ ನಾನು ಹಿಂದಿನ ದಿನದಿಂದ ಲಾಗಿನ್ ಆಗಿಯೇ ಇದ್ದೆ. ಏನಾಗಿದೆ ನೋಡೋಣವೆಂದು ಲಾಗೌಟ್ ಮಾಡಿ ಮತ್ತೆ ಒಳಹೊಕ್ಕೆ. ಅಂದರೆ, ಹೊಗಲು ನೋಡಿದೆ. ನನ್ನನ್ನೂ ಹೊರಗೆ ಹಾಕಿತು! ತೆರೆದಿದ್ದ ಒಂದೇ ಬಾಗಿಲನ್ನು ನಾನೇ ಮುಚ್ಚಿದ್ದೆ.

ಬೆವರೊರೆಸಿಕೊಳ್ಳುತ್ತಾ ಎಲ್ಲರೆದುರೇ ಮೇಡಂಗೆ ನಡೆದದ್ದು ಹೇಳಿದೆ. ವರದಿ ಬರೆಯುತ್ತಾರೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಬೈಯಲೂ ಇಲ್ಲ.

"ಅಲ್ಲಪ್ಪಾ, ಅನ್ನವೇ ಇಲ್ದಿದ್ರೆ ಊಟ ನಿಲ್ಲಿಸ್ಲಿ. ಉಪ್ಪಿನಕಾಯಿ ಇಲ್ಲ ಅಂತ ಎಲೆ ಮುಂದೆ ಕೂತೋರ್ನ ಎಬ್ಬಿಸಿ ಕಳಿಸ್ತಾರಾ? ಫೈಲ್ ಇದ್ರೆ ಓದು, ಇಲ್ದಿದ್ರೆ ಮುಂದಕ್ಕೆ ಹೋಗು ಅಂತ ಒಂದು ಸಾಲು ಸೇರಿಸಿ. ಸರ್ವರನ್ನ ಸಿಡಿಯಿಂದ ಬೂಟ್ ಮಾಡ್ಕೊಳ್ಳಿ, ಆಗ ನಿಮ್ಮ ಸ್ಕ್ರಿಪ್ಟ್ ಅಡ್ಡ ಬರಲ್ಲ. ಅಷ್ಟರಲ್ಲಿ ನಾನು ವೈವಾ ಮುಗಿಸ್ತೀನಿ."

ಮಕ್ಕಳು ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಮಾಡಿದ ಮೇಲೆ ನಡೆಯಬೇಕಾದ ಮೌಖಿಕ ಪರೀಕ್ಷೆಯನ್ನು ಆ ತಾಯಿ ನನಗಾಗಿ ಮೊದಲೇ ಇಟ್ಟುಕೊಂಡರು. ಸಿಡಿ ಹಾಕಿದೆ, ಸ್ಕ್ರಿಪ್ಟಿನಲ್ಲಿ ಆ ಸಾಲು ಬರೆದೆ. ಮಕ್ಕಳೆಲ್ಲ ಒಳಹೋದರು. ಪರೀಕ್ಷೆ ನಡೆಯಿತು. ಇವತ್ತಿಗೂ ಅವರನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಅವರ ಜೊತೆ ಹೋದೆ. "ವೈವಾದಲ್ಲಿ ಮಕ್ಕಳು ಹೆಂಗೆ ಮಾಡಿದ್ರು, ಮೇಡಂ?"

"ಭೇಷಾಗಿ ಮಾಡಿದ್ರಪ್ಪಾ! ಎಲ್ರಿಗೂ ಒಂದೇ ಪ್ರಶ್ನೆ ಕೇಳ್ದೆ, ನಿಮ್ಮ ಸಾರ್ ಮಾಡಿದ ತಪ್ಪೇನು ಅಂತ. ಒಬ್ರೂ ತಡವರಿಸ್ಲಿಲ್ಲ. ಪೂರ್ತಿ ಅಂಕ ಕೊಟ್ಟಿದ್ದೀನಿ."

ಇಡೀ ವರ್ಷ ನಾನು ಮಾಡಿದ ಪಾಠದಲ್ಲಿ ತರಗತಿಗೆಲ್ಲ ಅರ್ಥವಾದದ್ದು ಅದೊಂದೇ!